ಗೌರಿ ಎಲ್ಲಿಗೆ ಹೋದಳು ಅಂತ ನಾನು ಕೇಳಿರಲೇ ಇಲ್ಲ

2021ರ ಆಗಸ್ಟ್ 2, ಸೋಮವಾರ. ಬೆಳಿಗ್ಗೆ ನಮ್ಮ ಹುಡುಗಿಯರು ಟೋಕಿಯೋದಲ್ಲಿ ಆಸ್ಟ್ರೇಲಿಯಾವನ್ನು 1-0 ಗೋಲಿನಿಂದ ಸೋಲಿಸಿ ಹಾಕಿ ಸೆಮಿಫೈನಲ್‌ಗೆ ಹೋಗಿದ್ದರು. ಆಫೀಸ್ ಗ್ರೂಪು, ಫ್ಯಾಮಿಲಿ ಗ್ರೂಪು, ಕಾಲೇಜ್ ಗೆಳತಿಯರ ಗ್ರೂಪು, ಎಲ್ಲ ಕಡೆ ಗುರ್ಜಿತ್ ಕೌರ್ ಹೊಡೆದ ಆ ಒಂದೇ ಗೋಲಿನ ಮಾತು. ನಾನು ಮಾತ್ರ ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಕ್ಯಾಮೆರಾ ಆಫ್ ಮಾಡಿ, ಮೀಟಿಂಗನ್ನು ಮ್ಯೂಟ್‌ನಲ್ಲಿಟ್ಟು, ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಕೊಂಡು ಕುದುರೆ ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿ ಅಪ್ಪ. ಕನ್ನಡಕ ಹಾಕಿಕೊಂಡಿದ್ದರೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

ವರ್ಕ್ ಫ್ರಮ್ ಹೋಮ್ ಶುರುವಾಗಿ ಒಂದೂವರೆ ವರ್ಷ ಆಗುತ್ತಾ ಬಂದಿತ್ತು. ಹಾಸ್ಟೆಲ್ಲಿಗೆ ಅಂತ ಹದಿನೆಂಟಕ್ಕೆ ಮನೆ ಬಿಟ್ಟವಳು ನಾನು. ಆಮೇಲೆ ಇಷ್ಟು ದಿನ ಅಪ್ಪನ ಜೊತೆ ಒಂದೇ ಸೂರಿನಡಿ ಇದ್ದದ್ದು ಅದೇ ಮೊದಲು. ಒಟ್ಟಿಗೆ ಇದ್ದೆವು ಅಂದಮಾತ್ರಕ್ಕೆ ಮಾತಾಡುತ್ತಿದ್ದೆವು ಅಂತಲ್ಲ. ಚಾ ಆಯಿತಾ, ಊಟ ಆಯಿತಾ, ನೆಟ್‌ವರ್ಕ್ ಬಂತಾ, ಇಷ್ಟೇ. ನಮ್ಮಿಬ್ಬರ ನಡುವೆ ಒಂದು ಕುದುರೆ ನಿಂತಿತ್ತು. ಅದನ್ನು ದಾಟಿ ಹೋಗುವ ಧೈರ್ಯ ನನಗಿರಲಿಲ್ಲ.

ಆ ಕುದುರೆಯ ಹೆಸರು ಗೌರಿ.

ಅಪ್ಪ ಆಟೋ ಓಡಿಸುವುದಕ್ಕಿಂತ ಮೊದಲು ಟಾಂಗಾ ಓಡಿಸುತ್ತಿದ್ದ. ಕೊಪ್ಪಳ ರೈಲ್ವೆ ಸ್ಟೇಷನ್ ಮುಂದೆ ನಿಲ್ಲುತ್ತಿದ್ದ ಕೊನೆಕೊನೆಯ ಟಾಂಗಾಗಳಲ್ಲಿ ನಮ್ಮದೂ ಒಂದು. ಗೌರಿಯನ್ನು ಕುಷ್ಟಗಿಯವರೊಬ್ಬರ ಹತ್ತಿರ ಕೊಂಡು ತಂದಿದ್ದ. ಬಿಳಿ ಮೈ, ಮೂಗಿನ ಮೇಲೆ ಬೂದಿ ಬಣ್ಣದ ಚುಕ್ಕೆಗಳು. ನಿಜ ಹೇಳಬೇಕೆಂದರೆ ಅದು ಕುದುರೆ ಅನ್ನುವುದಕ್ಕಿಂತ ತಟ್ಟು. ಟೀವಿಯಲ್ಲಿ ಕಾಣುವ ಕುದುರೆಗಳ ಪಕ್ಕ ನಿಲ್ಲಿಸಿದರೆ ಅವುಗಳ ಹೆಗಲಿಗೂ ಬರುತ್ತಿರಲಿಲ್ಲ. ಓಣಿಯ ಹುಡುಗರಿಗೆ ಮಾತ್ರ ಅದು ‘ಧನ್ನೋ’. ನಾನು ಶಾಲೆಗೆ ಹೊರಟರೆ ಹಿಂದಿನಿಂದ ‘ಬಸಂತಿ ಬಂದ್ಲು’ ಅಂತ ಕೂಗುತ್ತಿದ್ದರು. ‘ಶೋಲೆ’ ಶೂಟಿಂಗ್ ಆದದ್ದು ನಮ್ಮ ರಾಮನಗರದಲ್ಲೇ ಅಂತ ಗೊತ್ತಾದಾಗ ಆ ಊರಿನ ಮೇಲೆ ನನಗೆ ಸಿಟ್ಟೇ ಬಂದಿತ್ತು.

ವರ್ಷಕ್ಕೊಮ್ಮೆ ಗವಿಮಠದ ಜಾತ್ರೆಯಲ್ಲಿ ಒಳ್ಳೆ ದುಡಿಮೆ. ಉಳಿದ ದಿನ ಸುಮಾರು. ಆಟೋಗಳು ಹೆಚ್ಚಾದ ಹಾಗೆ ಅದೂ ಇಳಿಯಿತು. 2008ರಲ್ಲಿ ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಆ ಜೂನ್‌ನಲ್ಲೇ ಗೌರಿಯ ಮುಂಗಾಲು ಕುಂಟತೊಡಗಿತು. ಒಂದು ದಿನ ನಾನು ಬಳ್ಳಾರಿಯಲ್ಲಿರುವ ದೊಡ್ಡಮ್ಮನ ಮನೆಯಿಂದ ವಾಪಸ್ ಬಂದರೆ ಹಿತ್ತಲು ಖಾಲಿ. ಗೂಟ ಇತ್ತು, ಹಗ್ಗ ಇರಲಿಲ್ಲ. ಅವ್ವ ಅಂದಳು, ‘ಗಂಗಾವತಿಯವರು ಬಂದು ಹೊಡಕೊಂಡು ಹೋದ್ರು. ಹದಿಮೂರು ಸಾವಿರ ಕೊಟ್ರು.’ ಅದರಲ್ಲಿ ಅರ್ಧ ನನ್ನ ಹಾಸ್ಟೆಲ್ಲಿಗೆ, ಅರ್ಧ ಅಪ್ಪನ ಆಟೋ ಸಾಲದ ಮೊದಲ ಕಂತಿಗೆ.

ನಾನು ಏನೂ ಕೇಳಲಿಲ್ಲ. ಯಾರು ಬಂದಿದ್ದರು, ಯಾತಕ್ಕೆ ಒಯ್ದರು, ಕುಂಟುವ ಕುದುರೆಗೆ ಅಷ್ಟು ದುಡ್ಡು ಯಾರು ಕೊಡುತ್ತಾರೆ, ಒಂದನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಅದಕ್ಕೇ. ಹದಿಮೂರು ವರ್ಷ ಹಾಗೇ ಹೋಯಿತು.

ಇನ್ನು ಟೋಕಿಯೋದ ಕುದುರೆಗೆ ಬರುತ್ತೇನೆ. ಅದರ ಹೆಸರು ಸೆನ್ಯೋರ್ ಮೆಡಿಕಾಟ್. ಹುಟ್ಟಿದ್ದು ಜರ್ಮನಿಯಲ್ಲಿ. ಸವಾರ ಮಾತ್ರ ನಮ್ಮ ಬೆಂಗಳೂರಿನವರು, ಫವಾದ್ ಮಿರ್ಜಾ. ಅವರ ತಂದೆ ಡಾ. ಹಸ್ನೈನ್ ಮಿರ್ಜಾ ಕುದುರೆ ವೈದ್ಯರು. ಹೀಗಾಗಿ ಮಗ ಚಿಕ್ಕಂದಿನಿಂದಲೇ ಕುದುರೆಯ ವಾಸನೆಯಲ್ಲಿ ಬೆಳೆದವರು. ಆಮೇಲೆ ಜರ್ಮನಿಗೆ ಹೋಗಿ ಸಾಂಡ್ರಾ ಔಫಾರ್ಟ್ ಅನ್ನುವ ಒಲಿಂಪಿಕ್ ಸವಾರರ ಹತ್ತಿರ ತರಬೇತಿ ಪಡೆದರು. ಕುದುರೆ ಕೊಡಿಸಿದ್ದು ಬೆಂಗಳೂರಿನ ಎಂಬಸಿ ಗ್ರೂಪ್.

ಇವರು ಆಡುವ ಆಟದ ಹೆಸರು ಇವೆಂಟಿಂಗ್. ನಮ್ಮಲ್ಲಿ ಕುದುರೆ ಅಂದ ಕೂಡಲೇ ರೇಸ್ ಕೋರ್ಸ್ ರೋಡು, ಬೆಟ್ಟಿಂಗು, ಕುಣಿಗಲ್ ಸ್ಟಡ್ ಫಾರ್ಮು, ಇವಿಷ್ಟೇ ನೆನಪಾಗುವುದು. ಇದು ಬೇರೆ. ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಮೊದಲನೆಯದು ಡ್ರೆಸಾಜ್. ಕುದುರೆ ಹೇಳಿದ ಮಾತು ಕೇಳಿ, ಲೆಕ್ಕ ಹಾಕಿದ ಹಾಗೆ ಹೆಜ್ಜೆ ಇಡಬೇಕು. ಎರಡನೆಯದು ಕ್ರಾಸ್ ಕಂಟ್ರಿ. ಬಯಲಲ್ಲಿ ದಿಮ್ಮಿ, ಬೇಲಿ, ನೀರಿನ ಹೊಂಡ ಹಾರಿಕೊಂಡು ಕೊಟ್ಟ ಸಮಯದೊಳಗೆ ಬರಬೇಕು. ಮೂರನೆಯದು ಜಂಪಿಂಗ್. ಅಲ್ಲಿ ಬಣ್ಣದ ಕೋಲುಗಳನ್ನು ಸುಮ್ಮನೆ ಆತು ಇಟ್ಟಿರುತ್ತಾರೆ. ಗೊರಸು ಸ್ವಲ್ಪ ತಾಗಿದರೆ ಸಾಕು, ಬಿದ್ದುಬಿಡುತ್ತದೆ. ಅಂಕಗಳೆಲ್ಲ ದಂಡದ ಅಂಕಗಳು, ಕಡಿಮೆ ಇದ್ದವರೇ ಗೆದ್ದಂತೆ. ಕೋಲು ಬಿದ್ದರೆ 4. ಕ್ರಾಸ್ ಕಂಟ್ರಿಯಲ್ಲಿ ತಡವಾದರೆ ಸೆಕೆಂಡಿಗೆ 0.4. ಗಂಡಸರು, ಹೆಂಗಸರು ಒಂದೇ ಕಣದಲ್ಲಿ ಸ್ಪರ್ಧಿಸುವ ಕೆಲವೇ ಒಲಿಂಪಿಕ್ ಆಟಗಳಲ್ಲಿ ಇದೂ ಒಂದು.

ಹಿಂದೆಲ್ಲ ಎರಡನೇ ದಿನದ ಪರೀಕ್ಷೆಯೊಳಗೆ ಸ್ಟೀಪಲ್‌ಚೇಸ್ ಅನ್ನುವ ಜೋರಿನ ಓಟವೂ ಇರುತ್ತಿತ್ತು. 2004ರ ಅಥೆನ್ಸ್ ಒಲಿಂಪಿಕ್ಸ್ ಹೊತ್ತಿಗೆ ಅದನ್ನು ತೆಗೆದರು. ಸ್ಟೀಪಲ್ ಅಂದರೆ ಚರ್ಚಿನ ಗೋಪುರ. 1752ರಲ್ಲಿ ಐರ್ಲೆಂಡಿನಲ್ಲಿ ಇಬ್ಬರು ಪಂಥ ಕಟ್ಟಿ ಬಟ್ಟೆವಾಂಟ್ ಊರಿನ ಚರ್ಚಿನಿಂದ ಡೋನರೇಲ್ ಊರಿನ ಚರ್ಚಿನ ಗೋಪುರ ನೋಡಿಕೊಂಡು, ನಡುವೆ ಏನು ಬಂದರೂ ಹಾರಿಕೊಂಡು, ನೇರ ಕುದುರೆ ಓಡಿಸಿದರಂತೆ. ಅವ್ವನ ತವರು ಯಲಬುರ್ಗಾ ಸೀಮೆಯ ಕುಕನೂರು. ಅವಳಿಗೆ ಇದನ್ನು ಹೇಳಿದಾಗ, ‘ಅಂದ್ರ ಕುಕನೂರ ಗುಡಿಯಿಂದ ಇಟಗಿ ಮಾದೇವನ ಗುಡಿ ಶಿಖರ ನೋಡ್ಕೋಂತ ಹೊಲದಾಗ ಹಾಸಿ ಓಡಿಸಿದಂಗ’ ಅಂದಳು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲಿಕ್ಕೆ ಬರುವುದಿಲ್ಲ. ಆದರೆ ನಮ್ಮ ಎರೆಹೊಲದಲ್ಲಿ ಮಳೆಗಾಲಕ್ಕೆ ಕುದುರೆ ಬಿಟ್ಟರೆ ಮಂಡಿವರೆಗೆ ಹೂತುಹೋಗುತ್ತದೆ, ಅದು ಬೇರೆ ಮಾತು.

2018ರ ಆಗಸ್ಟ್ 26ರ ಭಾನುವಾರ ನಾನು ಬೆಂಗಳೂರಿನ ಪೀಜಿಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಫೋನಿಗೆ ಸುದ್ದಿ ಬಂತು: ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಫವಾದ್ ಮಿರ್ಜಾ ಮತ್ತು ಸೆನ್ಯೋರ್ ಮೆಡಿಕಾಟ್ ಜೋಡಿಗೆ ವೈಯಕ್ತಿಕ ಬೆಳ್ಳಿ. ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಜೊತೆ ಸೇರಿ ತಂಡಕ್ಕೂ ಬೆಳ್ಳಿ. ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದು ಆಗ 36 ವರ್ಷ ಆಗಿತ್ತು. 1982ರ ದೆಹಲಿ ಗೇಮ್ಸ್‌ನಲ್ಲಿ ರಘುಬೀರ್ ಸಿಂಗ್ ತಮ್ಮ ‘ಶಹಜಾದಾ’ ಮೇಲೆ ಇದೇ ಇವೆಂಟಿಂಗ್‌ನಲ್ಲಿ ಚಿನ್ನ ಗೆದ್ದಿದ್ದರು.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಅಂಕಗಳು. ಎರಡನೇ ಪರೀಕ್ಷೆ ಮುಗಿದಾಗ ಫವಾದ್ ಮತ್ತು ಮೆಡಿಕಾಟ್ 22.40 ಅಂಕದೊಂದಿಗೆ ಎಲ್ಲರಿಗಿಂತ ಮುಂದೆ. ಜಪಾನಿನ ಯೋಶಿಆಕಿ ಓಯಿವಾ 22.70ರಲ್ಲಿ ಆಟ ಮುಗಿಸಿದರು. ನಡುವೆ ಇದ್ದದ್ದು 0.30. ಕೊನೆಯ ಜಂಪಿಂಗ್‌ನಲ್ಲಿ ನಮ್ಮ ಕುದುರೆಗೆ ನಾಲ್ಕು ದಂಡ ಬಿತ್ತು, ಅಂದರೆ ಒಂದು ಕೋಲು. 22.40 ಇದ್ದದ್ದು 26.40 ಆಯಿತು. ಚಿನ್ನ ಬೆಳ್ಳಿಯಾಯಿತು. ಅಪ್ರೈಸಲ್‌ನಲ್ಲಿ ಪಾಯಿಂಟ್ ಎರಡು ಕಡಿಮೆಯಾಯಿತು ಅಂತ ಟೆರೇಸ್ ಮೇಲೆ ಹೋಗಿ ಅತ್ತವಳು ನಾನು. ನನಗೆ ಆ ಕೋಲು ಬಿದ್ದ ಸದ್ದು ಕೇಳಿದ ಹಾಗೆ ಆಯಿತು.

ಏನನಿಸಿತೋ ಗೊತ್ತಿಲ್ಲ, ಅಪ್ಪನಿಗೆ ಫೋನ್ ಹಚ್ಚಿದೆ. ಹತ್ತು ವರ್ಷದಲ್ಲಿ ನಾವಿಬ್ಬರೂ ‘ಕುದುರೆ’ ಅನ್ನುವ ಶಬ್ದ ಬಾಯಿಂದ ಆಡಿದ್ದು ಅದೇ ಮೊದಲು. ಒಂದು ಕೋಲಿನಿಂದ ಚಿನ್ನ ಹೋಯಿತು ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ದು ಒಂದೇ.

‘ಕುದರಿ ಕಾಲು ಚೊಲೊ ಐತಿಲ್ಲೋ?’

ಪದಕದ ಬಗ್ಗೆ ಒಂದು ಮಾತಿಲ್ಲ. ನನಗೆ ಸಿಟ್ಟು ಬಂತು, ‘ಚೊಲೊ ಐತಿ’ ಅಂತ ಇಟ್ಟುಬಿಟ್ಟೆ. ಆದರೆ ಅವತ್ತಿನಿಂದ ಆ ಕುದುರೆಯ ಸುದ್ದಿ ಎಲ್ಲಿ ಬಂದರೂ ಓದತೊಡಗಿದೆ. ಓದಿ ಅಪ್ಪನಿಗೆ ಹೇಳುವುದು. 2019ರಲ್ಲಿ ಫವಾದ್‌ಗೆ ಅರ್ಜುನ ಪ್ರಶಸ್ತಿ ಬಂತು, ಹೇಳಿದೆ. ಮೆಡಿಕಾಟ್ ಗಾಯವಾಗಿ ಬಹಳ ದಿನ ಸ್ಪರ್ಧೆಯಿಂದ ಹೊರಗಿತ್ತು, ಅದನ್ನೂ ಹೇಳಿದೆ. ‘ಯಾವ ಕಾಲು?’ ಅಂದ. ನನಗೆ ಗೊತ್ತಿರಲಿಲ್ಲ. ‘ಪೇಪರಿನವ್ರು ಅದನ್ನೇ ಬರಿಯಂಗಿಲ್ಲ ನೋಡು’ ಅಂತ ಗೊಣಗಿದ.

ಟೋಕಿಯೋಗೆ ಫವಾದ್ ಅರ್ಹತೆ ಪಡೆದಾಗ, 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸವಾರಿ ಮಾಡಿದ ಮೇಲೆ ಒಲಿಂಪಿಕ್ಸ್‌ಗೆ ಹೋಗುವ ಮೊದಲ ಭಾರತೀಯ ಸವಾರ ಅಂತ ಎಲ್ಲ ಕಡೆ ಬಂತು. ಮೊದಲು ದಜಾರಾ ಅನ್ನುವ ಹೆಣ್ಣು ಕುದುರೆ ಒಯ್ಯುತ್ತಾರೆ ಅಂದರು. ಕೊನೆಗೆ ಚೇತರಿಸಿಕೊಂಡ ಮೆಡಿಕಾಟ್‌ನ್ನೇ ಒಯ್ದರು. ಈ ಸುದ್ದಿ ಹೇಳಿದ ದಿನ ಅಪ್ಪ ಎರಡು ಕಪ್ಪು ಚಾ ಕುಡಿದ.

ಆ ಗಾಯದ ಕಾಲದಲ್ಲೇ ನಾನು ರೆಡ್ ರಮ್ ಕಥೆ ಓದಿದ್ದು. ಸ್ಟೀಪಲ್‌ಚೇಸ್ ಅಂದರೆ ಬ್ರಿಟನ್ನಿನಲ್ಲಿ ಈಗಲೂ ಎಲ್ಲರ ಬಾಯಲ್ಲಿ ಬರುವ ಹೆಸರು. ಲಿವರ್‌ಪೂಲ್ ಹತ್ತಿರದ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಓಟವನ್ನು ಮೂರು ಸಲ ಗೆದ್ದ ಒಂದೇ ಕುದುರೆ. ಅಪ್ಪನಿಗೆ ಹೇಳುತ್ತಾ ಹೋದ ಹಾಗೆ ಅವನ ಕಿವಿ ನೆಟ್ಟಗಾಗಿದ್ದು ಬೇರೆ ಕಾರಣಕ್ಕೆ. ಅದಕ್ಕೆ ತರಬೇತಿ ಕೊಟ್ಟ ಜಿಂಜರ್ ಮೆಕೇನ್ ದೊಡ್ಡ ಸಾಹುಕಾರನಲ್ಲ. ಸೌತ್‌ಪೋರ್ಟ್ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವನು, ಆಮೇಲೆ ಕಾರು ಮಾರುವ ಅಂಗಡಿ ಇಟ್ಟ. ಅಂಗಡಿಯ ಹಿಂದೆಯೇ ಕುದುರೆ ಲಾಯ. ಅವನ ಟ್ಯಾಕ್ಸಿಯಲ್ಲಿ ಓಡಾಡುತ್ತಿದ್ದ ನೋಯೆಲ್ ಲ ಮೇರ್ ಅನ್ನುವ ಮುದುಕನಿಗೆ ಸಾಯುವುದರೊಳಗೆ ಗ್ರ್ಯಾಂಡ್ ನ್ಯಾಷನಲ್ ಗೆಲ್ಲಬೇಕು ಅನ್ನುವ ಆಸೆ. 1972ರಲ್ಲಿ ಅವನಿಗಾಗಿ ಮೆಕೇನ್ 6,000 ಗಿನ್ನಿ ಕೊಟ್ಟು ರೆಡ್ ರಮ್ ಕೊಂಡ. ತಂದು ನೋಡಿದರೆ ಕುದುರೆ ಕುಂಟುತ್ತಿದೆ! ಗೊರಸಿನೊಳಗಿನ ಎಲುಬಿಗೆ ಬರುವ, ಸುಲಭಕ್ಕೆ ಬಿಡದ ರೋಗ.

‘ಮತ್ತ?’ ಅಂದ ಅಪ್ಪ.

ಮತ್ತೇನು, ಮೆಕೇನ್ ಅದನ್ನು ಸಮುದ್ರದ ನೀರಿನಲ್ಲಿ ನಡೆಸಿದ. ಆ ಊರಿನ ದಂಡೆಯ ಒದ್ದೆ ಮರಳೇ ಅದರ ಮೈದಾನ. ದಿನವೂ ಅಲ್ಲೇ ಓಟ, ಅಲ್ಲೇ ಉಪ್ಪುನೀರಲ್ಲಿ ಕಾಲು. ಮರುವರ್ಷ 1973ರ ಓಟ. ಸುಮಾರು ಏಳು ಕಿಲೋಮೀಟರ್ ದೂರ, ಮೂವತ್ತು ಬೇಲಿ. ಆಸ್ಟ್ರೇಲಿಯಾದ ದೈತ್ಯ ಕುದುರೆ ಕ್ರಿಸ್ಪ್ ಎಲ್ಲರನ್ನೂ ಬಿಟ್ಟು ಎಷ್ಟೋ ಮುಂದೆ ಹೋಗಿಬಿಟ್ಟಿತ್ತು. ಅದರ ಮೇಲೆ 12 ಸ್ಟೋನ್ ಭಾರ, ಅಂದರೆ 76 ಕಿಲೋ. ರೆಡ್ ರಮ್ ಮೇಲೆ ಅದಕ್ಕಿಂತ ಹತ್ತು ಕಿಲೋಗೂ ಹೆಚ್ಚು ಕಡಿಮೆ. ಕೊನೆ ಬೇಲಿ ದಾಟಿದ ಮೇಲೆ ಕ್ರಿಸ್ಪ್‌ನ ಕಾಲು ಸೋತವು, ಹಾದಿ ತಪ್ಪಿದವನಂತೆ ಓಲಾಡಿತು. ಗೆಲುವಿನ ಕಂಬ ಎರಡು ಹೆಜ್ಜೆ ಇರುವಾಗ ರೆಡ್ ರಮ್ ಅದನ್ನು ಹಿಂದೆ ಹಾಕಿತು. ಮುಕ್ಕಾಲು ಕುದುರೆ ಉದ್ದದ ಅಂತರ. ಹಳೆಯ ದಾಖಲೆ ಎಲ್ಲಾ ಮುರಿದುಹೋಯಿತು. 1974ರಲ್ಲಿ ಅದೇ 12 ಸ್ಟೋನ್ ಭಾರ ಹೊತ್ತು ಇದೇ ಮತ್ತೆ ಗೆದ್ದಿತು. 75, 76ರಲ್ಲಿ ಎರಡನೇ ಸ್ಥಾನ. ಇನ್ನು ಮುಗಿಯಿತು ಅಂತ ಎಲ್ಲರೂ ಅಂದುಕೊಂಡ ಮೇಲೆ 1977ರಲ್ಲಿ, ಹನ್ನೆರಡು ವರ್ಷದ ಕುದುರೆ, 25 ಕುದುರೆ ಉದ್ದದಷ್ಟು ಮುಂದಾಗಿ ಮೂರನೇ ಸಲ ಗೆದ್ದಿತು. 1995ರಲ್ಲಿ ಮೂವತ್ತರ ವಯಸ್ಸಿನಲ್ಲಿ ಸತ್ತಾಗ ಏಂಟ್ರಿಯ ಗೆಲುವಿನ ಕಂಬದ ಹತ್ತಿರವೇ ಹೂಳಿದರು.

ನನಗೆ ಯೂಟ್ಯೂಬಿನಲ್ಲಿ ಆ ಓಟ ನೋಡುವಾಗ ಪ್ರತಿ ಸಲ ಕ್ರಿಸ್ಪ್ ಗೆಲ್ಲಲಿ ಅನಿಸುತ್ತದೆ. ಜೊತೆಗೆ ಒಂದು ಹಿಂಸೆಯೂ ಆಗುತ್ತದೆ. ಆ ಬೇಲಿಗಳಲ್ಲಿ ಬಿದ್ದು ಸತ್ತ ಕುದುರೆಗಳು ಕಡಿಮೆ ಇಲ್ಲ. ಮನುಷ್ಯರ ಪಂಥಕ್ಕೆ ಅವುಗಳ ಕಾಲು. ಅಪ್ಪನಿಗೆ ಹೀಗೆ ಅನಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಅವನು ಬಹಳ ಹೊತ್ತಿನ ಮೇಲೆ, ‘ನಾನೂ ಗೌರಿನ್ನ ಹಿರೇಹಳ್ಳಕ್ಕ ಒಯ್ದು ಹಸಿ ಮಳಲಾಗ ನಿಂದ್ರಸ್ತಿದ್ದೆ’ ಅಂದ. ಅಷ್ಟೇ ಅಂದು ಎದ್ದು ಹೋದ. ಗೌರಿಯ ಹೆಸರು ಅವನ ಬಾಯಿಂದ ಬಂದದ್ದು ಕೇಳಿ ನನಗೆ ಲ್ಯಾಪ್‌ಟಾಪಿನಲ್ಲಿ ಏನು ಟೈಪ್ ಮಾಡುತ್ತಿದ್ದೆ ಅನ್ನುವುದೇ ಮರೆತುಹೋಯಿತು.

ಈಗ ಆಗಸ್ಟ್ 1, ಭಾನುವಾರ. ಕ್ರಾಸ್ ಕಂಟ್ರಿ. ಡ್ರೆಸಾಜ್‌ನಲ್ಲಿ ಫವಾದ್ 28.00 ಅಂಕ ಪಡೆದು ಮೊದಲ ಹತ್ತರೊಳಗೆ ಇದ್ದರು. ನಮ್ಮ ಕಡೆಯಿಂದ ಒಬ್ಬರು ಒಲಿಂಪಿಕ್ಸ್ ಇವೆಂಟಿಂಗ್‌ನಲ್ಲಿ ಅಷ್ಟು ಮೇಲಿರುವುದು ನೋಡಿ ನನಗೆ ನಿದ್ದೆಯೇ ಬಂದಿರಲಿಲ್ಲ. ಅವತ್ತು 11.20 ದಂಡ ಬಿತ್ತು. ಲೆಕ್ಕ ಹಾಕಿದರೆ 28 ಸೆಕೆಂಡ್ ತಡ. ಒಂದು ಬೇಲಿಯಲ್ಲೂ ಕುದುರೆ ಹಿಂಜರಿಯಲಿಲ್ಲ, ತಡ ಮಾತ್ರ ಆಯಿತು. 39.20 ಆಗಿ 22ನೇ ಸ್ಥಾನಕ್ಕೆ ಇಳಿದರು. ನಾನು ‘ಛೇ’ ಅಂದೆ.

ಸಂಜೆ ಇನ್ನೊಂದು ಸುದ್ದಿ ಓದಿದೆ. ಓದಬಾರದಿತ್ತು, ಓದಿದ್ದನ್ನು ಅಪ್ಪನ ಮುಂದೆ ಹೇಳಬಾರದಿತ್ತು. ಅದೇ ಓಟದಲ್ಲಿ ಸ್ವಿಟ್ಜರ್‌ಲೆಂಡಿನ ರಾಬಿನ್ ಗೋಡೆಲ್ ಅವರ ‘ಜೆಟ್ ಸೆಟ್’ ಅನ್ನುವ ಕುದುರೆಯ ಬಲಗಾಲಿನಲ್ಲಿ ಗೊರಸಿನ ಮೇಲಿನ ಕಟ್ಟುನರ ಹರಿದು, ಆಸ್ಪತ್ರೆಗೆ ಒಯ್ದು, ವಾಸಿಯಾಗುವ ಹಾಗಿಲ್ಲ ಅಂತ ಗೊತ್ತಾಗಿ ಅಲ್ಲೇ ಚುಚ್ಚುಮದ್ದು ಕೊಟ್ಟು ಮಲಗಿಸಿಬಿಟ್ಟರು. ಹದಿನಾಲ್ಕು ವರ್ಷದ ಕುದುರೆ.

ಯಾಕೆ ಹಾಗೆ, ಮನುಷ್ಯರ ಕಾಲು ಮುರಿದರೆ ಪ್ಲಾಸ್ಟರ್ ಹಾಕುವುದಿಲ್ಲವೇ ಅಂತ ನಿಮಗೂ ಅನಿಸಬಹುದು. ಕುದುರೆಯ ಮುಂಗಾಲಿನ ಮಂಡಿಯ ಕೆಳಗೆ ಮಾಂಸವೇ ಇರುವುದಿಲ್ಲ. ಎಲುಬು, ಹುರಿಯಂಥ ನರಗಳು, ಮೇಲೆ ಚರ್ಮ. ನಾಲ್ಕೈದು ಕ್ವಿಂಟಲ್ ತೂಕದ ಮೈ ಆ ಸಣ್ಣ ಕಂಬಗಳ ಮೇಲೆ ನಿಂತಿರುತ್ತದೆ. ಒಂದು ಕಾಲು ಕೆಟ್ಟರೆ ಭಾರವೆಲ್ಲ ಉಳಿದವುಗಳ ಮೇಲೆ, ಸ್ವಲ್ಪ ದಿನಕ್ಕೆ ಅವೂ ಕೆಡುತ್ತವೆ. ಮಲಗಿಸಿ ಇಡೋಣ ಅಂದರೆ ಕುದುರೆ ಬಹಳ ದಿನ ಮಲಗಿ ಬದುಕುವ ಪ್ರಾಣಿ ಅಲ್ಲ. ಇದನ್ನೆಲ್ಲ ನಾನು ಗೂಗಲ್ ಮಾಡಿ ತಿಳಿದುಕೊಂಡೆ. ಅಪ್ಪನಿಗೆ ಮೊದಲೇ ಗೊತ್ತಿತ್ತು.

ಅವತ್ತು ರಾತ್ರಿ ಅವನು ರೊಟ್ಟಿ ಅರ್ಧಕ್ಕೆ ಬಿಟ್ಟು ಕೈ ತೊಳೆದ. ‘ನಮ್ಮ ಹುಡುಗ 28 ಸೆಕೆಂಡ್ ನಿಧಾನ ಬಂದದ್ದ ಚೊಲೊ ಆತು’ ಅಂದವನು ಹಿತ್ತಲಿಗೆ ಹೋಗಿ ಕೂತ. ಗೂಟ ಇನ್ನೂ ಅಲ್ಲೇ ಇದೆ. ಅವ್ವ ಅದಕ್ಕೆ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಕಟ್ಟಿದ್ದಾಳೆ.

ಸೋಮವಾರ ಮಧ್ಯಾಹ್ನ ಒಂದೂವರೆಗೆ ಜಂಪಿಂಗ್‌ನ ಮೊದಲ ಸುತ್ತು. ಮೊದಲ 25 ಮಂದಿಗೆ ಮಾತ್ರ ಸಂಜೆಯ ಫೈನಲ್. ಎರಡು ಕೋಲು ಬಿದ್ದವು. ಪ್ರತಿ ಸಲ ನಾನು ‘ಅಯ್ಯೋ’ ಅಂದರೆ ಅಪ್ಪ ‘ಹ್ಞೂಂ’ ಅಂತ ತಲೆ ಆಡಿಸುತ್ತಿದ್ದ. ಅವನ ಕಣ್ಣು ಕೋಲಿನ ಮೇಲೆ ಇರಲಿಲ್ಲ. ಕುದುರೆ ನೆಲಕ್ಕೆ ಕಾಲು ಊರುವುದನ್ನು ನೋಡುತ್ತಿದ್ದ. ಒಟ್ಟು 47.20 ಆಯಿತು. ಸರಿಯಾಗಿ 25ನೇ ಸ್ಥಾನ, ಫೈನಲ್ಲಿನ ಕೊನೆಯ ಸೀಟು. ಕಂಡಕ್ಟರ್ ‘ರೈಟ್’ ಅಂದ ಮೇಲೆ ಓಡಿ ಬಂದು ಬಸ್ಸು ಹತ್ತಿದ ಹಾಗೆ.

ಫೈನಲ್ಲಿಗೆ ಇನ್ನೂ ಮೂರು ತಾಸಿನ ಹತ್ತಿರ ಸಮಯ ಇತ್ತು. ಹೊರಗೆ ಜಿಟಿಜಿಟಿ ಮಳೆ. ಅವ್ವ ಮಲಗಿದ್ದಳು. ನನ್ನ ಮೀಟಿಂಗ್ ಮುಗಿದಿತ್ತು. ಆಗ ಕೇಳಿಬಿಟ್ಟೆ.

‘ಅಪ್ಪಾ, ಗೌರಿ ಎಲ್ಲಿ ಹೋದ್ಲು?’

ಅವನು ನನ್ನ ಮುಖ ನೋಡಲಿಲ್ಲ. ಫೋನಿನ ಪರದೆ ಆರಿಹೋಗಿತ್ತು, ಅದನ್ನೇ ನೋಡುತ್ತಿದ್ದ. ‘ಗಂಗಾವತಿಗೆ’ ಅಂದ.

‘ಅದು ಗೊತ್ತು. ಯಾತಕ್ಕ ಒಯ್ದ್ರು?’

ಆಮೇಲೆ ಬಂದ ಮಾತುಗಳನ್ನು ಅವನು ಹೇಳಿದ ಹಾಗೇ ಬರೆಯಲಿಕ್ಕೆ ನೋಡುತ್ತೇನೆ. ಗಂಗಾವತಿಯಲ್ಲಿ ಒಬ್ಬರು ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುತ್ತಿದ್ದರು. ಬಿಳಿ ಕುದುರೆ ಅಂದರೆ ಅವರಿಗೆ ಆಸೆ. ಮದುಮಗನನ್ನು ಹೊತ್ತು ಓಣಿಯಿಂದ ಕಲ್ಯಾಣ ಮಂಟಪಕ್ಕೆ ನಿಧಾನ ನಡೆದರೆ ಸಾಕು, ಟಾಂಗಾ ಎಳೆದ ಹಾಗೆ ಅಲ್ಲ. ಅವರಿಗಿಂತ ಹೆಚ್ಚು ಕೊಡುತ್ತೇನೆ ಅಂತ ಬಂದವರು ಇನ್ನೊಬ್ಬರು ಇದ್ದರಂತೆ. ಅವರು ಯಾತಕ್ಕೆ ಒಯ್ಯುತ್ತಾರೆ ಅಂತ ಅಪ್ಪ ಕೇಳಿದ. ಅವರು ನಕ್ಕರು. ಅಪ್ಪ ಕೊಡಲಿಲ್ಲ. ಆ ಹೆಚ್ಚಿನ ದುಡ್ಡು ಬಂದಿದ್ದರೆ ನನ್ನ ಮೊದಲ ವರ್ಷದ ಲ್ಯಾಪ್‌ಟಾಪೂ ಆಗುತ್ತಿತ್ತು. ‘ನೀ ಆ ವರ್ಷ ಲ್ಯಾಪ್‌ಟಾಪ್ ಇಲ್ಲಂತ ಅತ್ತಿದ್ದಿ. ನನಗ ಹೇಳಾಕ ಬರಲಿಲ್ಲ’ ಅಂದ.

ನಾನು ಅತ್ತದ್ದು ನನಗೇ ನೆನಪಿರಲಿಲ್ಲ.

‘ಮತ್ತ ಯಾವಾಗರ ನೋಡಿದ್ಯಾ ಅಕಿನ್ನ?’

‘ತಿಂಗಳಿಗೊಮ್ಮೆ ಹೋಗ್ತಿದ್ದೆ.’

ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಅಪ್ಪ ಪ್ರತಿ ತಿಂಗಳು ಗಂಗಾವತಿಗೆ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಹಾಸ್ಟೆಲ್ಲಿನಿಂದ ಫೋನ್ ಮಾಡಿದಾಗ ಅವ್ವ ಎಷ್ಟೋ ಸಲ, ‘ಅಪ್ಪ ಇಲ್ಲ, ಆಟೋ ಸಾಮಾನು ತರಾಕ ಗಂಗಾವತಿಗೆ ಹೋಗ್ಯಾನ’ ಅಂದಿದ್ದಳು. ಕೊಪ್ಪಳದಲ್ಲಿ ಸಿಗದ ಆಟೋ ಸಾಮಾನು ಯಾವುದು ಅಂತ ನಾವು ಯಾರೂ ಯೋಚನೆ ಮಾಡಲಿಲ್ಲ. ಆಟೋ ಮನೆ ಮುಂದೆ ನಿಲ್ಲಿಸಿ ಅವನು ಬಸ್ಸಿಗೆ ಹೋಗುತ್ತಿದ್ದ. ಕೈಚೀಲದಲ್ಲಿ ಕುದಿಸಿದ ಹುರುಳಿ.

‘ಗುರುತು ಹಿಡೀತಿದ್ಲೇನು?’

‘ಹಿಡಿಯದ ಏನ್ ಮಾಡ್ತಾಳ. ಬಸ್‌ಸ್ಟ್ಯಾಂಡಿಂದ ನಡಕೋಂತ ಹೋಗಿ ಓಣಿ ತಿರುವಿಗೆ ಕೆಮ್ಮಿದ್ರ ಸಾಕು, ಒಳಗಿಂದ ಕೆನಿತಿದ್ಲು. ಮನಿಯವರು, ಬಂದ್ರು ನೋಡು ಗೌರಿ ಅಪ್ಪ, ಅಂತಿದ್ರು.’

ಕೊಂಡವರು ಒಳ್ಳೆಯವರಿದ್ದರಂತೆ. ಸೀಸನ್ ಇಲ್ಲದಾಗ ಕೆಲಸ ಇಲ್ಲ. ಗದ್ದೆ ಬದುವಿನ ಹಸಿ ಹುಲ್ಲು ಬೇಕಾದಷ್ಟು. ಒಂದು ಸಲ ಆನೆಗೊಂದಿ ಕಡೆಯ ಮೆರವಣಿಗೆಗೆ ಗೌರಿ ಹೋದಾಗ ಅಪ್ಪನೂ ಜೊತೆಗೆ ಹೋಗಿದ್ದನಂತೆ. ಅವಳ ಮೈಮೇಲೆ ಕೆಂಪು ಮಖಮಲ್ಲು, ಹಣೆಗೆ ಜರಿ ಪಟ್ಟಿ. ‘ಪಟ್ಟದ ಕುದರಿ ಇದ್ದಂಗ ಇದ್ಲು’ ಅಂದ. ನನಗೆ ಓದಿದ್ದೊಂದು ನೆನಪಾಯಿತು. ಹೊಳೆ ದಾಟಿದರೆ ಹಂಪಿ. ವಿಜಯನಗರದವರು ಹಡಗಿನಲ್ಲಿ ಬರುವ ಕುದುರೆಗಳಿಗಾಗಿ ಚಿನ್ನ ಸುರಿದವರು. ಸಾಳುವ ನರಸಿಂಹನ ಬಗ್ಗೆ ಪೋರ್ಚುಗೀಸಿನ ನೂನಿಜ್ ಬರೆದಿಟ್ಟಿದ್ದಾನೆ, ಸಮುದ್ರದ ಹಾದಿಯಲ್ಲಿ ಕುದುರೆ ಸತ್ತರೂ ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಅರಸ ಬದುಕಿದ ಕುದುರೆಯಷ್ಟೇ ದುಡ್ಡು ಕೊಡುತ್ತಿದ್ದನಂತೆ. ಇದನ್ನು ಹೇಳಿದೆ. ಅಪ್ಪ ನಗುತ್ತಾನೆ ಅಂದುಕೊಂಡಿದ್ದೆ.

ನಗಲಿಲ್ಲ. ‘2012ರಾಗ ಹೋದ್ಲು’ ಅಂದ. ‘ಹೊಟ್ಟಿಶೂಲಿ ಬಂತಂತ. ಫೋನ್ ಬಂತು. ನಾ ಹೋಗೂದ್ರಾಗ ಮುಗಿದಿತ್ತು. ಊರ ಹೊರಗ ಬದುವಿನ್ಯಾಗ ತಗ್ಗು ತೋಡಿದ್ವಿ, ನಾಲ್ಕು ಮಂದಿ. ಮೈಮ್ಯಾಲ ಉಪ್ಪು ಸುರುವಿದ್ವಿ.’

ಮಳೆ ನಿಂತಿತ್ತು. ಸೂರಿನ ತುದಿಯಿಂದ ಹನಿ ಬೀಳುವುದು ಕೇಳುತ್ತಿತ್ತು.

‘ಒಂದು ಲಾಳ ಬಿಚ್ಚಿಕೊಂಡು ಬರೂಣಂತ ಇದ್ದೆ, ನಿನಗ ತೋರಸಾಕ. ಸಾಣೆ, ಚಿಮಟಾ ಎಲ್ಲಾ ಕೈಯಾಗ ಇತ್ತು. ಆಮ್ಯಾಲ ಅನಿಸ್ತು, ಇಷ್ಟು ದೂರ ನಡದಾಳ, ಬರಿಗಾಲಾಗ ಹೆಂಗ ಕಳಸೂದು. ಬಿಟ್ಟು ಬಂದೆ.’

ನಾನು ಎದ್ದು ಚಾ ಮಾಡಲಿಕ್ಕೆ ಹೋದೆ. ಸಕ್ಕರೆ ಹಾಕಿದೆನೋ ಇಲ್ಲವೋ ಗೊತ್ತಾಗದೆ ಎರಡು ಸಲ ಹಾಕಿದ್ದೆ. ಅಪ್ಪ ಏನೂ ಅನ್ನದೆ ಕುಡಿದ.

ಐದು ಕಾಲಿಗೆ ಫೈನಲ್ ಶುರುವಾಯಿತು. ಫೋನನ್ನು ಮತ್ತೆ ತಂಬಿಗೆಗೆ ಆನಿಸಿದೆ. ಅವ್ವನೂ ಎದ್ದು ಬಂದು ನಮ್ಮ ಹಿಂದೆ ನಿಂತಳು. ಮೆಡಿಕಾಟ್ ಒಳಗೆ ಬಂತು. ಮೂರು ಕೋಲು ಬಿದ್ದವು, ಒಂದು ಸೆಕೆಂಡ್ ತಡವೂ ಆಯಿತು. 12.40 ದಂಡ. ಒಟ್ಟು 59.60, ಕೊನೆಗೆ 23ನೇ ಸ್ಥಾನ. ಚಿನ್ನ ಜರ್ಮನಿಯ ಯೂಲಿಯಾ ಕ್ರಯೆವ್‌ಸ್ಕಿಗೆ. ಈ ಆಟದ ಒಲಿಂಪಿಕ್ ವೈಯಕ್ತಿಕ ಚಿನ್ನ ಗೆದ್ದ ಮೊದಲ ಹೆಣ್ಣುಮಗಳು. ಅವ್ವ ಅದನ್ನು ಕೇಳಿ, ‘ಹಂಗರ ಚೊಲೊ ಆತು’ ಅಂದಳು.

ಗ್ರೂಪಿನಲ್ಲಿ ಯಾರೋ ‘23ನೇ ಸ್ಥಾನ ಅಷ್ಟೇನಾ’ ಅಂತ ಹಾಕಿದ್ದರು. ಉತ್ತರ ಟೈಪ್ ಮಾಡಿ ಅಳಿಸಿದೆ. ಅಪ್ಪ ಫೋನನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಿದ್ದ. ಕುದುರೆ ಕಣದಿಂದ ಹೊರಗೆ ಹೋಗಿಯಾಗಿತ್ತು.

‘ಹೋಗೂಮುಂದ ಕುಂಟ್ತೇನು?’ ಅಂದ.

‘ಇಲ್ಲಪ್ಪ. ನೋಡಿದ್ನೆಲ್ಲ, ಸರಿಯಾಗಿ ನಡಕೋಂತ ಹೋತು.’

‘ನಾಲ್ಕೂ ಕಾಲು?’

‘ನಾಲ್ಕೂ.’